ಮೂರನೆಯ ಸಲ ತೆಗೆಸಿದ ರಕ್ತ

ನಲವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವನು ನಾನು. ನಂಬಲಾಗದ ಅಂಕಿ ಬಂದರೆ ಮೊದಲು ಸ್ಯಾಂಪಲ್ಲನ್ನು ಅನುಮಾನಿಸಬೇಕು, ಮತ್ತೆ ರಕ್ತ ತರಿಸಿ ನೋಡಬೇಕು ಎಂಬುದು ನಮ್ಮ ಕಸುಬಿನ ನೇಮ. ಆ ನೇಮದಿಂದ ಎಷ್ಟೋ ಜನಕ್ಕೆ ಒಳಿತಾಗಿದೆ. ನನ್ನ ಹೆಂಡತಿಗೆ ಆಗಲಿಲ್ಲ.

ಅವಳ ಹೃದಯ ಸೋಲತೊಡಗಿ ಎರಡು ವರ್ಷವಾಗಿತ್ತು. ಕಾಲು ಬಾತು, ಉಸಿರು ಸಾಲದೆ ಆಸ್ಪತ್ರೆಗೆ ಸೇರಿಸಿದಾಗ ಮಾಮೂಲು ಪರೀಕ್ಷೆಗಳನ್ನೇ ಮಾಡಿಸಿದರು. ಸೋಡಿಯಂ ಇಳಿದಿತ್ತು, ಯೂರಿಯಾ ಏರಿತ್ತು, ರಕ್ತದ ಕೆಂಪು ಕಣಗಳು ಒಂದೇ ಗಾತ್ರದಲ್ಲಿರದೆ ಕೆಲವು ಚಿಕ್ಕವು, ಕೆಲವು ದೊಡ್ಡವು ಆಗಿದ್ದವು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಒಂದೊಂದೇ ಆಗಿದ್ದರೆ ಇಷ್ಟು ಚಿಂತೆಯಿರಲಿಲ್ಲ, ಮೂರೂ ಕೂಡಿ ಬಂದರೆ ಹೃದಯಕ್ಕೆ ಹೆಚ್ಚು ದಿನವಿಲ್ಲವೆಂದೇ ಅರ್ಥ ಎಂದರು. "ಯಾರನ್ನಾದ್ರೂ ನೋಡ್ಬೇಕು ಅಂತಿದ್ರೆ ಈ ವಾರವೇ ನೋಡ್ಲಿ, ಯಜಮಾನ್ರೇ."

ಅವಳು ನೋಡಬೇಕೆಂದಿದ್ದುದು ತಂಗಿಯನ್ನು. ತಾಯಿ ತೀರಿಕೊಂಡ ದಿನ ಮಾತಿಗೆ ಮಾತು ಬೆಳೆದು, ಹನ್ನೊಂದು ವರ್ಷ ಇಬ್ಬರೂ ಮುಖ ನೋಡಿರಲಿಲ್ಲ. ಈಗ ಅವಳನ್ನು ಕರೆಸಿ ಎಂದು ಇವಳೇ ಕೇಳಿದಳು. ನಾನು, ಮೊದಲು ಸೋಡಿಯಂ ಸರಿಹೋಗಲಿ, ಆಮೇಲೆ ನಾವೇ ಹೋಗೋಣ ಎಂದೆ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದಿದ್ದಾರೆ, ನೀರು ಬೆರೆತಿದೆ ಎಂಬುದು ನನ್ನ ವಾದ. ಬೇರೆ ಕೈಯಿಂದ ತೆಗೆಸಿದೆ. ಅದೇ ಅಂಕಿ. ಆಗ ಯಂತ್ರದ ಮೇಲೆ ಗುಮಾನಿ ಬಂತು. ಮೂರನೆಯ ಸಲ ತೆಗೆಸಿ, ಹಳೆಯ ಸಹೋದ್ಯೋಗಿಯೊಬ್ಬರ ಲ್ಯಾಬಿಗೆ ನಾನೇ ಸೀಸೆ ಒಯ್ದೆ.

"ಊರೋರ ರಕ್ತ ಹೀರಿದ್ದು ಸಾಲ್ದು ಅಂತ ಈಗ ನನ್ನದಕ್ಕೆ ಬಾಯಿ ಹಾಕಿದ್ರಾ?" ಎಂದು ಹೆಂಡತಿ ನಕ್ಕಳು. ನಕ್ಕಿದ್ದಕ್ಕೇ ಏದುಸಿರು ಬಂತು. ಸುಧಾರಿಸಿಕೊಂಡು, "ಅವಳಿಗೆ ಹೇಳಿ ಕಳ್ಸ್ರೀ. ತಪ್ಪು ನಂದೇ ಇತ್ತು," ಎಂದಳು. ನಾಳೆ ರಿಪೋರ್ಟು ಬರಲಿ ಎಂದೆ.

ಮೂರನೆಯದೂ ಅದನ್ನೇ ಹೇಳಿತು. ದೇವರು ಮೂರು ಸಲ ಹೇಳಿದ ಮೇಲೆ ನನ್ನ ಕಿವಿ ತೆರೆಯಿತು. ಅಲ್ಲಿಂದಲೇ ನಾದಿನಿಗೆ ಫೋನು ಮಾಡಿದೆ. ಅವಳು ಸಂಜೆಯೊಳಗೆ ಓಡಿ ಬಂದಳು. ಅಷ್ಟರಲ್ಲಿ ಇವಳಿಗೆ ಎಚ್ಚರ ತಪ್ಪಿತ್ತು. ಅಕ್ಕಾ, ಅಕ್ಕಾ ಎಂದು ಎಷ್ಟು ಕರೆದರೂ ರೆಪ್ಪೆ ಅಲುಗಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಎಲ್ಲ ಮುಗಿದ ಮೇಲೆ ನಾದಿನಿ ನನ್ನೆದುರು ಕೂತು ಕೇಳಿದಳು. "ಭಾವ, ನನ್ನನ್ನ ಕರೀರಿ ಅಂತ ಅಕ್ಕ ಯಾವತ್ತು ಹೇಳಿದ್ಲು?"

ಸುಳ್ಳು ಹೇಳಬಹುದಿತ್ತು.

"ನೀನು ಬರೋಕೆ ಐದು ದಿನ ಮುಂಚೆ ಕಣಮ್ಮ. ನಾನೇ ತಡ ಮಾಡಿದೆ. ತಪ್ಪು ತನ್ನದೇ ಇತ್ತು ಅಂತ ಹೇಳೋಕೆ ಹೇಳಿದ್ಲು."

"ಅವಳದಲ್ಲ ಭಾವ, ನಂದು. ಅದನ್ನ ಹೇಳೋಕೇ ಬಂದಿದ್ದೆ."

ದಿನವೂ ಪ್ರಾರ್ಥನೆಯಲ್ಲಿ ಆ ಮಾತನ್ನು ನನ್ನ ಹೆಂಡತಿಗೆ ಮುಟ್ಟಿಸು ಎಂದು ಬೇಡುತ್ತೇನೆ. ನನ್ನ ತಪ್ಪಿಗೆ ಕ್ಷಮೆ ಕೇಳಲು ಇನ್ನೂ ಬಾಯಿ ಬಂದಿಲ್ಲ.