ಗಾದಿಯ ಮೇಲೆ ಕೂರದ ಮದುಮಗ

ಮಾಂತು ಮರಾಠಿ ಸೀಮೆಯ ಹಡಪಸರದಲ್ಲಿ ಇಳಕಲ್ ಸೀರೆ ಮಾರುತ್ತಿದ್ದ. ಅಂಗಡಿಯ ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಸೀರೆಯ ಜೊತೆ ನಾಟಕ ಪುಕ್ಕಟೆ. ಮೂಗು ಮುರಿಯುವ ಅತ್ತೆ, ಬಾಯಿ ಬಿಡದ ಸೊಸೆ, ಹೊರಗೆ ಸ್ಕೂಟರಿನ ಮೇಲೆ ಕೂತು ‘ಝಾಲಂ ಕಾ, ಮುಗೀತೇನು?’ ಎಂದು ಒದರುವ ಗಂಡ, ಮೂವರೂ ಅವನೊಬ್ಬನ ಗಂಟಲಲ್ಲೇ ಸಂಸಾರ ಮಾಡುತ್ತಿದ್ದರು.

ಇಂಥ ಬಾಯಾಳಿ ಒಂದೇ ಒಂದು ವಿಷಯದಲ್ಲಿ ಮೂಕ. ತನ್ನ ಮುಂದೊಗಲಿನ ಮಾತನ್ನು ಅವನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದ. ಅದು ಬಿಗಿ, ಹಿಂದೆ ಸರಿಯುತ್ತಿರಲಿಲ್ಲ. ಉಚ್ಚೆ ಹೊಯ್ಯುವಾಗ ಬಲೂನಿನಂತೆ ಉಬ್ಬುತ್ತಿತ್ತು, ಆಗಾಗ ಕೆಂಪೇರಿ ಉರಿಯುತ್ತಿತ್ತು. ದೌಂಡದ ಕನ್ನಡ ಮನೆತನದ ಹುಡುಗಿ ಶೀತಲ್ ಜೊತೆ ಲಗ್ನ ಗೊತ್ತಾದ ಮೇಲೆ ಎದೆಯೂ ಉರಿಯತೊಡಗಿತು. ಕಡೆಗೆ ಪಕ್ಕದ ಪಾತ್ರೆ ಅಂಗಡಿಯ ಗೆಳೆಯ ಕೇದಾರನ ಮುಂದೆ ಬಾಯಿಬಿಟ್ಟ. ಕೇದಾರ ಅವನನ್ನು ಬೈಕಿನ ಹಿಂದೆ ಹೇರಿಕೊಂಡು ಸೀದಾ ಕೊಂಢವಾಕ್ಕೆ, ಡಾಕ್ಟರ್ ಅಶ್ವಿನ್ ಹತ್ತಿರ ಒಯ್ದ.

ಡಾಕ್ಟರು ಮೂಗಿನಲ್ಲಿ ಮಾತಾಡುವ ಮನುಷ್ಯ, ಪ್ರತಿ ಮಾತಿನ ಬಾಲಕ್ಕೂ ಒಂದು ‘ಓಕೆ’. “ಸುನ್ನತಿ ಮಾಡೋಣ, ಓಕೆ? ಅರ್ಧ ತಾಸಿನ ಕೆಲಸ, ಓಕೆ? ಸಂಜೆಯೊಳಗೆ ಮನೆ, ಓಕೆ?” ಎಂದು ಮರಾಠಿಯಲ್ಲಿ ಹೇಳಿ, ಏನಾದರೂ ಕೇಳುವುದಿದೆಯೇ ಎಂದರು.

ಕೇಳುವುದಿತ್ತು. ಲಗ್ನ ಹತ್ತಿರ ಬಂದಿತ್ತು. ಆದರೆ ಆ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದು ನಾಚಿ ಹಿಂದಕ್ಕೆ ಹೋಯಿತು. “ಅಂಗಡಿ ಯಾವಾಗ ತೆಗೀಬಹುದು?” ಎಂದ.

“ಐದಾರು ದಿನ, ಓಕೆ?”

ಓಕೆ ಅಂದುಬಿಟ್ಟ. ಕೆಲವರಿಗೆ ಇದು ಶಾಸ್ತ್ರ. ಮಾಂತುವಿಗೆ ಬರೀ ಶಸ್ತ್ರ.

ಮಂಗಳವಾರ ಮುಂಜಾನೆ ಬುಡಕ್ಕೆ ಸೂಜಿ ಚುಚ್ಚಿದಾಗ ಒಮ್ಮೆ ಚುರ್ ಎಂದಿತು. ಆಮೇಲೆ ಆ ಸ್ವತ್ತು ಯಾರದೋ, ತಾನು ಯಾರೋ. ಹಸಿರು ಪರದೆಯ ಆಚೆ ಕತ್ತರಿಯ ಸದ್ದು ಕೇಳುತ್ತಿದ್ದರೂ ನೋವಿಲ್ಲ. ಹೊಲಿಗೆಯ ಹೊತ್ತಿಗೆ ಅವನೊಳಗಿನ ಜವಳಿ ವ್ಯಾಪಾರಿ ತಡೆಯದೆ ಕೇಳಿದ: “ದಾರ ಯಾವುದು, ಡಾಕ್ಟರ್?”

“ತಾನೇ ಕರಗುತ್ತೆ, ಎರಡು ಮೂರು ವಾರ, ಓಕೆ?”

“ಇಂಥ ದಾರದ ಸೀರಿ ಮಾರಿದ್ರ ಗಿರಾಕಿ ನನ್ನ ಕರಗಸ್ತಾರ,” ಎಂದ ಮಾಂತು. ನರ್ಸ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕಳು.

ಮಧ್ಯಾಹ್ನ ರಿಕ್ಷಾದಲ್ಲಿ ಮನೆಗೆ. ಕೊಂಢವಾದಿಂದ ಹಡಪಸರದವರೆಗೆ ಎಷ್ಟು ಸ್ಪೀಡ್ ಬ್ರೇಕರ್ ಇವೆಯೆಂದು ಮಹಾನಗರಪಾಲಿಕೆಗೂ ಗೊತ್ತಿರಲಿಕ್ಕಿಲ್ಲ, ಮಾಂತುವಿಗೆ ಗೊತ್ತಾಯಿತು. ತಾಯಿ ನಾಗವ್ವನಿಗೆ ತೊಡೆಗೆ ಕುರುವಾಗಿದೆ ಎಂದು ಹೇಳಿದ್ದ. ಆಕೆ ಸುಟ್ಟ ಉಳ್ಳಾಗಡ್ಡಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಬಿಚ್ಚು, ಬಿಸಿ ಇದ್ದಾಗ ಕಟ್ಟತೀನಿ.” ಮಾಂತು ಆ ಉಳ್ಳಾಗಡ್ಡಿಯಿಂದ ಪಾರಾದದ್ದೇ ಒಂದು ಪವಾಡ.

ಮರುದಿನ ನೋಡಿಕೊಂಡರೆ ಎದೆ ಧಸಕ್ ಎಂದಿತು: ಬಾತು, ನೀಲಿಗಟ್ಟಿ, ಎಳೇ ಬದನೆಕಾಯಿ! ಮೊದಲೆರಡು ದಿನ ಹಾಗೇ ಇರುತ್ತದೆ, ರಕ್ತ ನಿಲ್ಲದಿದ್ದರೆ, ಕೀವಾದರೆ, ಜ್ವರ ಬಂದರೆ ಮಾತ್ರ ಫೋನ್ ಮಾಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮುಲಾಮು ಹಚ್ಚಿ, ಬಿಗಿ ಚಡ್ಡಿಯೊಳಗೆ ಮೇಲ್ಮುಖವಾಗಿ ಇಟ್ಟುಕೊಂಡರೆ ಬಾವು ಬೇಗ ಇಳಿಯುತ್ತದೆ ಎಂದೂ ಹೇಳಿದ್ದರು. ಉಚ್ಚೆಗೆ ಹೋದಾಗ ಉರಿದರೆ ಉಗುರುಬೆಚ್ಚಗಿನ ನೀರು. ಇಷ್ಟನ್ನೆಲ್ಲ ಅವನು ತಡೆದುಕೊಂಡ. ತಡೆಯಲಾಗದ್ದು ನಸುಕಿನ ಹೊತ್ತು. ಅದು ತನ್ನ ಹಳೇ ರೂಢಿಯಂತೆ ಎದ್ದು ನಿಂತರೆ ಹೊಲಿಗೆಗಳೆಲ್ಲ ಒಟ್ಟಿಗೆ ಬೊಬ್ಬೆ ಹೊಡೆಯುತ್ತಿದ್ದವು. ಹೋಗಿ ಉಚ್ಚೆ ಹೊಯ್ದು, ತಣ್ಣನೆಯ ಫರಶಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಹೆಣ್ಣಿನ ಕಡೆಯ ಹಿರಿಯರನ್ನು ಒಬ್ಬೊಬ್ಬರಾಗಿ ನೆನೆಯುತ್ತಿದ್ದ. ಶೀತಲ್‌ಳ ಸೋದರತ್ತೆ ಸಾವಿತ್ರಿಬಾಯಿಯ ಮುಖ ಬರುವಷ್ಟರಲ್ಲಿ ಸರ್ವವೂ ಶಾಂತ.

ಶುಕ್ರವಾರ ಡ್ರೆಸ್ಸಿಂಗ್ ಬದಲಿಸುತ್ತ ಡಾಕ್ಟರು ಸಹಜವಾಗಿ ಅಂದರು: “ಗಂಡ ಹೆಂಡತಿ ವ್ಯವಹಾರ ಆಪರೇಷನ್ ಆದ ದಿನದಿಂದ ಆರು ವಾರ ಬೇಡ, ಓಕೆ?”

ಓಕೆ ಆಗಿರಲಿಲ್ಲ. ಲಗ್ನಕ್ಕಿದ್ದದ್ದು ಇಪ್ಪತ್ತೆಂಟೇ ದಿನ. ಬೆರಳು ಮಡಚಿ ಎಣಿಸಿದ: ಕಳೆದ ಮೂರು ದಿನ ಸೇರಿಸಿದರೂ ಹನ್ನೊಂದು ದಿನ ಕಡಿಮೆ ಬೀಳುತ್ತಿತ್ತು. ಶೀತಲ್‌ಗೆ ಹೇಳಲೇಬೇಕು. ಹೇಳಿದರೆ ನಗುತ್ತಾಳೋ, ಒಲ್ಲೆ ಅನ್ನುತ್ತಾಳೋ? ಫೋನ್ ಎತ್ತಿದ, ಇಟ್ಟ, ಮತ್ತೆ ಎತ್ತಿ ಊಟ ಆಯ್ತಾ ಎಂದು ಕೇಳಿ ಇಟ್ಟ.

ಅಷ್ಟರಲ್ಲಿ ಭಾನುವಾರ ಬಂತು. ಲಗ್ನದ ಬಟ್ಟೆ ತೆಗೆಯಲು, ಎಲ್ಲರೂ ಬಸ್ತಾ ಎನ್ನುವ ಆ ಮಹಾಖರೀದಿಗೆ, ದೌಂಡದ ರೈಲ್ವೆ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದ ಶೀತಲ್ ಸೋದರತ್ತೆಯೊಡನೆ ಬಂದಿಳಿದಳು. ಅಳಿಯನ ಅಂಗಡಿ ಬಿಟ್ಟು ಬೇರೆಲ್ಲಿಗೆ ಹೋದಾರು! ಅಳಿಯ ಮಾತ್ರ ಲುಂಗಿಯಲ್ಲಿದ್ದ. ಸಿಪ್ಪೆ ಸುಲಿದ ತುದಿಗೆ ಪ್ಯಾಂಟು ಒತ್ತಿದರೆ ಮೈಯೆಲ್ಲ ಕರೆಂಟು.

“ಕೂಡ್ರಿ, ಅಳಿಯಂದ್ರ,” ಎಂದರು ಸಾವಿತ್ರಿಬಾಯಿ ಗಾದಿಯ ಮೇಲೆ ನೆಲೆಗೊಳ್ಳುತ್ತ.

“ಇಲ್ರಿ, ನಿಂತ ತೋರಸ್ತೀನಿ. ನಿಂತ್ರ ಸೀರಿ ಛಲೋ ಕಾಣ್ತದ.”

“ಹಂಗಾದ್ರ ಆ ಗಿಳಿಹಸರಂದು ಮೈಮ್ಯಾಲ ಹಾಕ್ಕೊಂಡು ತೋರಸ್ರಿ.”

ಸೀರೆ ಮಾರುವ ಗಂಡಸರಿಗೆ ಇದು ದಿನದ ಕೆಲಸ. ಮಾಂತು ನೆರಿಗೆ ಹಿಡಿದು, ಸೆರಗು ಹೊದ್ದು, ನವವಧುವಿನಂತೆ ನಿಂತ. ಐದು ದಿನದಲ್ಲಿ ಇಷ್ಟು ಸುಖದ ಉಡುಪು ಸಿಕ್ಕಿರಲಿಲ್ಲ. ಒಂದು ಸೀರೆ ಆಯಿತು, ಐದು ಆಯಿತು; ಅವನು ಬಿಚ್ಚುವ ಮಾತೇ ಆಡಲಿಲ್ಲ. ಶೀತಲ್ ಬಾಯಿಗೆ ಕೈ ಇಟ್ಟು ನಗುತ್ತಿದ್ದಳು: “ಅತ್ತಿ, ನನಗಿಂತ ಅವರಿಗೇ ಒಪ್ಪತಾವ.”

“ಇದು ಬ್ಯಾಡ, ಆ ಕೆಂಪಂದು ತೆಗೀರಿ,” ಎಂದು ಸಾವಿತ್ರಿಬಾಯಿ ಮಡಚಿದ ಸೀರೆಯೊಂದನ್ನು ಅವನತ್ತ ಎಸೆದರು. ಅದು ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು.

ಮಾಂತುವಿನ ಬಾಯಿಂದ ಹೊರಟ ಸ್ವರ ಅವನ ಸಂಗ್ರಹದಲ್ಲಿ ಈವರೆಗೆ ಇರದಿದ್ದದ್ದು. ಕಪಾಟು ಹಿಡಿದು, ಒಂಟಿಕಾಲಲ್ಲಿ ನಿಂತು, ಕಣ್ಣೀರು ನುಂಗಿದ. ಸಾವಿತ್ರಿಬಾಯಿಯ ಹುಬ್ಬು ಮೇಲೇರಿತು. ಸೋದರಸೊಸೆಯ ಕಿವಿಗೆ ಬಗ್ಗಿ ಏನೋ ಪಿಸುಗುಟ್ಟಿದರು. ಶೀತಲ್ ಎದ್ದಳು. “ಒಳಗಿನ ಮಾಲು ತೋರಸ್ರಿ,” ಎಂದು ಅವನಿಗಿಂತ ಮುಂದಾಗಿ ಗೋದಾಮಿನ ಪರದೆ ಸರಿಸಿದಳು.

ಒಳಗೆ ಅವಳ ನಗು ಇರಲಿಲ್ಲ. “ಏನಾಗ್ಯದ್ರಿ? ಹುಡುಗಗ ಏನೋ ಒಳಬ್ಯಾನಿ ಅದ, ಲಗ್ನ ನಿಲ್ಲಿಸಿ ವಿಚಾರ ಮಾಡೂಣು ಅಂತಾಳ ಅತ್ತಿ. ನಾ ಆಕಿಗೆ ಏನ್ ಹೇಳ್ಲಿ?”

ಮಾಂತು ಬಾಯಿ ತೆರೆದ. ಹೊರಬಂದವರು ಡಾಕ್ಟರ್ ಅಶ್ವಿನ್. ಅದೇ ಮೂಗು, ಅದೇ ಮರಾಠಿ ಧಾಟಿ: “ಗಾಬರಿ ಆಗೋದು ಬೇಡ, ಓಕೆ? ಪೇಶಂಟಿಂದು ಸಣ್ಣ ಕೆಲಸ, ಓಕೆ? ಒಂದಿಷ್ಟು ಚರ್ಮ ಜಾಸ್ತಿ ಇತ್ತು...”

ಶೀತಲ್‌ಗೆ ಅರೆಕ್ಷಣ ನಗು ಬಂತು. ತುಟಿ ಕಚ್ಚಿ ನುಂಗಿದಳು. “ಡಾಕ್ಟರ್ ಭಾಳ ಛಲೋ ಮಾತಾಡ್ತಾರ. ಅವರಿಗೆ ಚಾ ಕುಡಿಸಿ ಕಳಸ್ರಿ. ನನಗ ಮಾಂತು ಬೇಕಾಗ್ಯಾರ.”

ಗಂಟಲೊಳಗಿನ ಅತ್ತೆ, ಸೊಸೆ, ಗಂಡ ಎಲ್ಲರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದದ್ದು ಅವನದೇ ದನಿ, ತೆಳ್ಳಗೆ, ರೂಢಿಯಿಲ್ಲದ್ದು.

“ಮಂಗಳವಾರ ಸುನ್ನತಿ ಆಪರೇಷನ್ ಆತು. ಸಣ್ಣಾಂವ ಇದ್ದಾಗಿಂದ ಬಿಗಿ ಇತ್ತು, ತ್ರಾಸ ಇತ್ತು. ನಾಚಿಕಿಗೆ ಯಾರಿಗೂ ಹೇಳಲಿಲ್ಲ. ಪೂರಾ ಆರಾಮ ಆಗ್ತದ ಅಂದಾರ. ಆದ್ರ ಆರು ವಾರ... ಅಂದ್ರ ಲಗ್ನ ಆದ ಮ್ಯಾಲೂ ಹನ್ನೊಂದು ದಿನ ನಾವು...”

“ತಿಳೀತು,” ಎಂದಳು ಶೀತಲ್. “ಇದು ಮತ್ತ ಯಾರಿಗೆ ಗೊತ್ತದ?”

“ಕೇದಾರಗ.”

“ಆ ಪಾತ್ರಿ ಅಂಗಡಿಯವಗ! ಲಗ್ನ ಆಗಾಕಿ ನಾನೋ, ಕೇದಾರನೋ?”

“ನೀನ.”

“ಹಂಗಾದ್ರ ಇನ್ನ ಮ್ಯಾಲ ಇಂಥಾವು ಮೊದಲ ನನಗ ಗೊತ್ತಾಗಬೇಕು. ಸಿಟ್ಟು ಬಂದದ್ದು ಅದಕ್ಕ, ಆಪರೇಷನ್ನಿಗಲ್ಲ.” ಆಮೇಲೆ ದನಿ ಇಳಿಸಿದಳು. “ಹನ್ನೊಂದು ದಿನಕ್ಕ ಇಷ್ಟ್ಯಾಕ ಬೆವರ್ತೀರಿ? ನಾ ದೌಂಡ ಜಂಕ್ಷನ್ನಿನಾಕಿ. ಗಾಡಿ ತಡಾ ಆತಂತ ಯಾರರ ಸ್ಟೇಷನ್ ಕೆಡವತಾರೇನು?”

ಮಾಂತು ನಕ್ಕ. ನಕ್ಕದ್ದು ಹೊಲಿಗೆಗೆ ಜಗ್ಗಿ ಮತ್ತೆ ಒಂಟಿಕಾಲಲ್ಲಿ ನಿಂತ.

ಹೊರಗೆ ಸಾವಿತ್ರಿಬಾಯಿ ಕಾಯುತ್ತಿದ್ದರು. “ಏನಂತ?”

“ಸಣ್ಣ ಆಪರೇಷನ್ ಆಗ್ಯದ, ಅತ್ತಿ. ಹೊಲಿಗಿ ಇನ್ನೂ ಹಸೀ ಅದಾವ.”

“ಎಲ್ಲಿ?”

“ಎಲ್ಲಿ ಅಂತ ನನಗ ಹೇಳ್ಯಾರ. ಸಾಕು. ಲಗ್ನ ಗೊತ್ತಾದ ದಿನಾನ ಆಗ್ತದ.”

ಸಾವಿತ್ರಿಬಾಯಿ ಸೊಸೆಯ ಮುಖ ನೋಡಿದರು, ಅಳಿಯನ ಲುಂಗಿ ನೋಡಿದರು, ತಾವು ಎಸೆದ ಸೀರೆ ನೋಡಿದರು. ತಟ್ಟನೆ ಸೆರಗು ಬಾಯಿಗೆ ಹೋಯಿತು. “ಅಯ್ಯ ಶಿವನ! ಮತ್ತ ಇಷ್ಟೊತ್ತನ ಅವನ್ನ ಉಡಿಸಿ ತೊಡಿಸಿ ಕುಣಿಸಿದ್ನಲ್ಲೋ! ಕುರ್ಚಿ ತರ್ರಿ ಯಾರರ, ಮೆತ್ತಂದು!”

ಪಕ್ಕದ ಅಂಗಡಿಯಿಂದ ಕೇದಾರ ಕುರ್ಚಿ ತಂದು ಅದರ ಮೇಲೆ ದಿಂಬು ಇಟ್ಟ. ಶೀತಲ್‌ಳ ನೋಟ ಬಿದ್ದದ್ದೇ ತಡ, ಮತ್ತೆ ತನ್ನ ಪಾತ್ರೆಗಳ ನಡುವೆ ಮಾಯವಾದ. ಮಾಂತು ಮೊಣಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಇಂಚಿಂಚಾಗಿ ಕೂತ.

ಅವಳು ಪಕ್ಕಕ್ಕೆ ಬಂದು ಸೀರೆಯ ಅಂಚು ನೋಡುವ ನೆಪದಲ್ಲಿ ಬಗ್ಗಿದಳು. “ಮುಂದಿನ ತಪಾಸಣಿ ಯಾವಾಗ ಅದ?”

“ಶುಕ್ರವಾರ, ಹನ್ನೊಂದಕ್ಕ.”

“ನಾ ರಜಾ ಹಾಕಿ ಬರ್ತೀನಿ,” ಎಂದಳು ಶೀತಲ್.