ಚಿಕ್ಕಮ್ಮನ ಕಣ್ಣು

ಚಿಕ್ಕಮ್ಮ ಎಲ್ಲೂ ಸಿಗುತ್ತಿಲ್ಲ ಎಂಬ ಜಗಳ ಶುರುವಾಗಿ ನಾಲ್ಕು ದಿನವಾಗಿತ್ತು.

‘ಮೂರು ಅಂಗಡಿ ಸುತ್ತಿದೆ. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ತಾತ ಅಂತೂ ರಾಶಿ ರಾಶಿ ಬಿದ್ದಿದ್ದಾನೆ. ಚಿಕ್ಕಮ್ಮ ಮಾತ್ರ ಇಲ್ಲ’ ಎಂದು ಇಬ್ಬರು ಮಕ್ಕಳ ತಾಯಿಯೊಬ್ಬಳು ಫೋನಿನ ಗುಂಪಿನಲ್ಲಿ ಬರೆದಿದ್ದಳು.

‘ತಾತನ್ನ ಯಾರು ಕೊಳ್ತಾರೆ? ನಾಲ್ಕು ಸಿನಿಮಾದಲ್ಲೂ ಗೊರಕೆ ಹೊಡೆದಿದ್ದು ಬಿಟ್ರೆ ಇನ್ನೇನು ಮಾಡಿದಾನೆ?’ ಎಂದು ಮೀಸೆರಾಯ ಎಂಬ ಹೆಸರಿಟ್ಟುಕೊಂಡವನೊಬ್ಬ ಕೇಳಿದ್ದ.

‘ರೀ ಮೀಸೆ, ತಾತನ ಸುದ್ದಿಗೆ ಬರಬೇಡಿ’ ಎಂದು ಮತ್ತೊಬ್ಬರು ಗದರಿದ್ದರು.

ಹೊಲಿಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಲೋಟದ ಟೀ ಆರುವವರೆಗೆ ಸೂಜಿ ಇದನ್ನೆಲ್ಲ ಓದುತ್ತಿದ್ದಳು. ಸೂಜಿ ಅವಳ ಹೆಸರಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊಂಬೆಗಳಿಗೆ ಹತ್ತಿ ತುಂಬುವ ಹತ್ತಿಮಾವ ಹಾಗೆ ಕರೆದಿದ್ದ. “ಸಣ್ಣಗಿದಾಳೆ, ಸದ್ದಿಲ್ಲ. ಎಲ್ಲಿ ಕೂತಿದಾಳೆ ಅಂತ ಚುಚ್ಚಿದ ಮೇಲೇ ಗೊತ್ತಾಗೋದು” ಎಂದಿದ್ದ. ಅವಳು ಇವತ್ತಿನವರೆಗೆ ಯಾರನ್ನೂ ಚುಚ್ಚಿರಲಿಲ್ಲ, ಹೆಸರು ಮಾತ್ರ ಉಳಿದುಕೊಂಡಿತ್ತು. ಅಭಿಮಾನಿಗಳ ಆ ಗುಂಪಿನಲ್ಲಿಯೂ ಅವಳು ಹಾಗೆಯೇ ಇದ್ದಳು. ಸೇರಿ ಎರಡು ವರ್ಷವಾಗಿತ್ತು, ಒಂದಕ್ಷರ ಬರೆದಿರಲಿಲ್ಲ.

‘ದೋಣಿಮನೆ’ ಎಂಬುದು ಒಂದು ನೀರುನಾಯಿ ಸಂಸಾರದ ಸಿನಿಮಾ ಸರಣಿ. ಹಳೆಯ ದೋಣಿಯೊಂದರಲ್ಲಿ ಅಪ್ಪ, ಅಮ್ಮ, ತಾತ, ಮೂವರು ಮಕ್ಕಳು ಮತ್ತು ಎರಡನೇ ಸಿನಿಮಾದಲ್ಲಿ ಒಂದು ಪೆಟ್ಟಿಗೆ ಹಿಡಿದು ಬಂದು ವಾಪಸ್ಸು ಹೋಗದೇ ಉಳಿದ ಚಿಕ್ಕಮ್ಮ. ಮಕ್ಕಳಿಗೆ ಚಿಕ್ಕಮ್ಮನೆಂದರೆ ಪ್ರಾಣ. ಆದರೂ ಅವಳ ಗೊಂಬೆಯನ್ನು ಸಿನಿಮಾ ಕಂಪನಿ ಮೂರನೆಯದರವರೆಗೂ ಮಾಡಿಸಿರಲಿಲ್ಲ. ನಾಲ್ಕನೇ ಸಿನಿಮಾ ಬಂದಾಗ ಮೊದಲ ಸಲ ಆರುನೂರು ಚಿಕ್ಕಮ್ಮಂದಿರನ್ನು ಹೊಲಿಯುವ ಕೆಲಸ ಈ ಸಣ್ಣ ಹೊಲಿಗೆಮನೆಗೆ ಬಂದಿತ್ತು. ಆರುನೂರು ಮುಖಗಳಿಗೂ ಕಣ್ಣು ಮೂಗು ಹೊಲಿದವಳು ಸೂಜಿ.

ಆ ಆರುನೂರು ಎಲ್ಲಿ ಹೋದವು ಎಂಬುದೇ ಗುಂಪಿನ ಜಗಳ.

‘ಕಂಪನಿಯವರು ಬೇಕಂತಲೇ ಬಚ್ಚಿಟ್ಟಿದ್ದಾರೆ. ಕಾಯಿಸಿದಷ್ಟೂ ಜನ ಬೀಳ್ತಾರೆ ಅಂತ.’

‘ಬಚ್ಚಿಡೋಕೆ ಅದೇನು ಚಿನ್ನಾನಾ? ಮಾಡಿದ್ದೇ ಕಮ್ಮಿ ಕಣ್ರೀ. ಚಿಕ್ಕಮ್ಮ ಅಂದ್ರೆ ಎಲ್ಲರ ಮನೇಲೂ ಹಾಗೇ ತಾನೆ, ಕೆಲಸಕ್ಕೆ ಮೊದಲು, ಫೋಟೋಗೆ ಕೊನೆ.’

‘ನಮ್ಮ ಅಂಗಡಿಯವನು ಹೇಳಿದ, ಉಳಿದಿದ್ದನ್ನ ಕಂಪನಿಯವರೇ ಬಂದು ವಾಪಸ್ ತಗೊಂಡು ಹೋದ್ರಂತೆ.’

ಕೊನೆಯ ಸಾಲನ್ನು ಸೂಜಿ ಎರಡು ಸಲ ಓದಿದಳು. ಯಾಕೆ ವಾಪಸ್ಸು ತೆಗೆದುಕೊಂಡು ಹೋಗಿದ್ದಾರೆ ಎಂಬುದು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಅವಳು ಅಂದುಕೊಂಡಿದ್ದಳು.

ಅವರ ಹೊಲಿಗೆಮನೆಯ ಪದ್ಧತಿ ಹೀಗಿತ್ತು. ಕಂಪನಿಯಿಂದ ಒಂದು ಮಾದರಿ ಗೊಂಬೆ ಬರುತ್ತದೆ. ಬಟ್ಟೆ ಕತ್ತರಿಸುವ ಕತ್ತರಿಯಕ್ಕ ಅದರ ಮುಖದ ಮೇಲೆ ತೆಳುವಾದ ಕಾಗದ ಹೊದಿಸಿ, ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ಪೆನ್ಸಿಲಿನಲ್ಲಿ ಇಳಿಸಿಕೊಳ್ಳುತ್ತಾಳೆ. ಆ ಕಾಗದದಿಂದ ಪ್ರತಿ ಮುಖಕ್ಕೂ ಸೀಮೆಸುಣ್ಣದ ಗುರುತು ಹಾಕುತ್ತಾಳೆ. ಸೂಜಿ ಗುರುತಿದ್ದಲ್ಲಿ ಹೊಲಿಯುತ್ತಾಳೆ. ಗುರುತು ಹಾಕಿದವರದೇ ಹೊಣೆ, ಇದು ಯಜಮಾನ್ತಿಯ ಅತ್ತೆಯ ಕಾಲದಿಂದ ಬಂದ ಮಾತು.

ಈ ಸಲ ಚಿಕ್ಕಮ್ಮನ ಮಾದರಿ ಯಾವುದೋ ಭಾರದ ಪೆಟ್ಟಿಗೆಯ ಅಡಿಯಲ್ಲಿ ಜಜ್ಜಿಸಿಕೊಂಡು ಬಂದಿತ್ತು. ತಲೆಯೊಳಗಿನ ಹತ್ತಿ ಒಂದು ಕಡೆ ಸರಿದು ಗಂಟಾಗಿ, ಬಟ್ಟೆ ಎಳೆದುಕೊಂಡು, ಬಲಗಣ್ಣು ಅರ್ಧ ಬೆರಳಷ್ಟು ಕೆಳಗೆ ನಿಂತಿತ್ತು. ಕಂಪನಿಯವರು ಹೀಗೇ ಬೇಕೆಂದಿದ್ದಾರೆ ಎಂದುಕೊಂಡು ಕತ್ತರಿಯಕ್ಕ ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಂಡಿದ್ದಳು.

ಎರಡನೆಯ ದಿನ ಮಧ್ಯಾಹ್ನ ಸೂಜಿ ಸುಮ್ಮನೆ ಮಾದರಿಯ ಹಿಂದಲೆ ಮುಟ್ಟಿ ನೋಡಿದ್ದಳು. ಬೆರಳಿಗೆ ಗಂಟು ಸಿಕ್ಕಿತು. ಕಣ್ಣು ಓರೆಯಾಗಿರುವುದು ಹೊಲಿಗೆಯಿಂದಲ್ಲ, ಹತ್ತಿಯಿಂದ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ‘ಅಕ್ಕಾ’ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹತ್ತಿಮಾವ ತನ್ನ ಮದುವೆಯ ದಿನ ಚಪ್ಪಲಿ ಅದಲುಬದಲಾದ ಕಥೆ ತೆಗೆದ. ಎಲ್ಲರೂ ನಕ್ಕರು. ತೆರೆದ ಬಾಯಿಯನ್ನು ಅವಳು ನಗುವಿಗೇ ಬಳಸಿಕೊಂಡು ಮುಚ್ಚಿಬಿಟ್ಟಳು. ಮಾರನೆಯ ದಿನ ಹೇಳೋಣವೆಂದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಅದರ ಮಾರನೆಯ ದಿನವಂತೂ ಕೇಳುವುದೇ ಬೇಡ. ಹೀಗೆ ಆರುನೂರು ಮುಗಿದವು.

ಗೊಂಬೆಗಳನ್ನು ಕಳಿಸಿದ ಮೇಲೆ ಮಾದರಿಯನ್ನು ಹಿಂತಿರುಗಿಸಬೇಕಿತ್ತು. ಹತ್ತಿಮಾವ ಅದನ್ನು ಶೆಲ್ಫಿನಿಂದ ಇಳಿಸಿ, ಧೂಳು ಕೊಡವಲು ಎಂದಿನಂತೆ ತಲೆಗೆರಡು ತಟ್ಟಿ, ಕೆನ್ನೆ ಹಿಂಡಿದ. ಹತ್ತಿ ತನ್ನ ಜಾಗಕ್ಕೆ ಮರಳಿತು. ಚಿಕ್ಕಮ್ಮನ ಎರಡು ಕಣ್ಣುಗಳೂ ತಕ್ಕಡಿಯ ತಟ್ಟೆಗಳಂತೆ ಸಮನಾಗಿ ನಿಂತು ಎಲ್ಲರನ್ನೂ ನೋಡಿದವು.

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

“ಅಯ್ಯಯ್ಯೋ,” ಎಂದ ಹತ್ತಿಮಾವ. “ನಾನೇನೂ ಮಾಡ್ಲಿಲ್ಲಪ್ಪ.”

ಅದೇ ಸಂಜೆ ಕಂಪನಿಯಿಂದ ಸಂದೇಶ ಬಂತು. ‘ಚಿಕ್ಕಮ್ಮನ ಕಣ್ಣಿನ ವಿಷಯ ಮಾತಾಡಬೇಕಿದೆ. ಗುರುವಾರ ಬರುತ್ತೇವೆ. ಅಲ್ಲಿಯವರೆಗೆ ಹೊಸದೇನೂ ಕತ್ತರಿಸಬೇಡಿ.’ ಯಜಮಾನ್ತಿ ಅದನ್ನು ಮೂರು ಸಲ ಓದಿದಳು. ಆಮೇಲೆ ಆ ಪೆನ್ಸಿಲಿನ ಕಾಗದವನ್ನು ತೆಗೆದುಕೊಂಡು ಚೂರು ಚೂರು ಮಾಡಿ ಕಸದ ಡಬ್ಬಕ್ಕೆ ಹಾಕಿದಳು.

“ಅದನ್ನ ಹರಿದ್ರೆ ಆರುನೂರು ಕಣ್ಣು ನೆಟ್ಟಗಾಗುತ್ತಾ ಅಮ್ಮಾವ್ರೇ?” ಎಂದು ಕೇಳಿದಳು ಕತ್ತರಿಯಕ್ಕ.

“ನಂಗೆ ಬುದ್ಧಿ ಹೇಳಬೇಡ. ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದವಳು, ಜಜ್ಜಿದ ಗೊಂಬೆ ಯಾವುದು, ಸರಿಯಾದ್ದು ಯಾವುದು ಗೊತ್ತಾಗ್ಲಿಲ್ವಾ? ಮಾಲು ವಾಪಸ್ ಬಂದ್ರೆ ನಿನ್ನನ್ನ ಇಟ್ಕೊಳ್ಳೋಕೆ ಆಗಲ್ಲ, ಈಗಲೇ ಹೇಳ್ತೀನಿ.”

ಕತ್ತರಿಯಕ್ಕ ಸುಣ್ಣ ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. “ಗುರುತು ನಂದೇ. ಇಲ್ಲ ಅನ್ನಲ್ಲ,” ಎಂದಳು.

ಸೂಜಿಗೆ ಮೊದಲ ದಿನ ದಾರ ಪೋಣಿಸಲು ಕಲಿಸಿದವಳು ಅವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಸೂಜಿ ಎಷ್ಟೋ ಸಲ ಕೇಳಿದ್ದಳು. ಎತ್ತು ತಾನೇ ಆಗಿ, ಬರೆ ಬೀಳುವುದನ್ನು ನೋಡುತ್ತ ನಿಲ್ಲುವುದು ಹೇಗಿರುತ್ತದೆಂದು ಈಗ ತಿಳಿಯಿತು.

ಅಂದಿನಿಂದ ಅವಳಿಗೆ ಗುಂಪೇ ಗತಿಯಾಯಿತು. ಗೊಂಬೆ ಸಿಗದಿರುವುದಕ್ಕೆ ಮಾರಾಟವಾಗಿದ್ದು ಕಾರಣವಾದರೆ ಅಕ್ಕ ಉಳಿದಳು, ವಾಪಸ್ಸು ಹೋಗಿದ್ದು ಕಾರಣವಾದರೆ ಅಕ್ಕ ಹೋದಳು. ಅವರು ವಾದಿಸಿದಷ್ಟೂ ಇವಳ ಜೀವ ಮೇಲೆ ಕೆಳಗೆ ಆಗುತ್ತಿತ್ತು.

ಬುಧವಾರ ಮಧ್ಯಾಹ್ನ ಒಬ್ಬರು ಚಿಕ್ಕಮ್ಮನ ಫೋಟೋ ಹಾಕಿದರು. ‘ನಂಗೆ ಸಿಕ್ತು! ಆದ್ರೆ ಒಂದು ಕಣ್ಣು ಕೆಳಗಿದೆ. ಇದು ನಕಲಿನಾ?’

‘ನಕಲಿ. ಪೋಸ್ಟರ್‌ನಲ್ಲಿ ಎರಡೂ ಕಣ್ಣು ಸಮ ಇದೆ.’

‘ಪೋಸ್ಟರ್ ನೋಡಿದೀರಿ, ಸಿನಿಮಾ ನೋಡಿಲ್ಲ ಅಂತ ಕಾಣುತ್ತೆ. ಸಣ್ಣವನು “ನಾನು ಮೀನು ತಿಂದಿಲ್ಲ” ಅಂದಾಗ ಚಿಕ್ಕಮ್ಮ ನೋಡೋ ನೋಟ ಇದೇ ಅಲ್ವಾ?’

‘ಅದು ನೋಟ, ಇದು ಎಡವಟ್ಟು. ಅದಕ್ಕೇ ಇರಬೇಕು ಅಂಗಡಿಯಿಂದ ಎತ್ತಿಸಿದ್ದು’ ಎಂದು ಮೀಸೆರಾಯ ಬರೆದ.

ಸೂಜಿ ಫೋನನ್ನು ಮಡಿಲಲ್ಲಿ ಬೋರಲು ಇಟ್ಟಳು. ಮೀಸೆರಾಯ ಯಾವ ಊರಿನವನೋ, ಏನು ಕೆಲಸದವನೋ ಅವಳಿಗೆ ತಿಳಿಯದು. ಆದರೂ ಜಡ್ಜು ಎದ್ದು ನಿಂತು ಓದಿ ಹೇಳಿದ ಹಾಗೆ ಅನ್ನಿಸಿತು.

ಗುರುವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಆದರೆ ಕತ್ತರಿಯಕ್ಕ ಆಗಲೇ ಬಂದು ತನ್ನ ಮೇಜನ್ನು ಒರೆಸುತ್ತಿದ್ದಳು. ಅಳತೆಪಟ್ಟಿ, ಎರಡು ಕತ್ತರಿ, ಕನ್ನಡಕದ ಡಬ್ಬಿ ಎಲ್ಲವನ್ನೂ ಒಂದು ಚೀಲದ ಪಕ್ಕ ಜೋಡಿಸಿಟ್ಟಿದ್ದಳು. ಇನ್ನೂ ಚೀಲದೊಳಗೆ ಹಾಕಿರಲಿಲ್ಲ.

“ಅಕ್ಕಾ.”

“ಏನೇ?”

“ನಂಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಹತ್ತಿ ಗಂಟಾಗಿದ್ದು. ಎರಡನೇ ದಿನಾನೇ ಮುಟ್ಟಿ ನೋಡಿದ್ದೆ. ಹೇಳೋಣ ಅಂತ ಬಂದೆ… ಆಮೇಲೆ ಹೇಳ್ಲಿಲ್ಲ.” ಒಂದೇ ಉಸಿರಿಗೆ ಇಷ್ಟು ಮಾತನ್ನು ಅವಳು ಆ ಕೋಣೆಯಲ್ಲಿ ಎಂದೂ ಆಡಿರಲಿಲ್ಲ. “ಅಮ್ಮಾವ್ರಿಗೂ ಹೇಳ್ತೀನಿ. ನೀವು ಹೋಗೋದಾದ್ರೆ ನಾನೂ ಹೋಗಬೇಕು.”

ಕತ್ತರಿಯಕ್ಕ ಒರೆಸುವ ಬಟ್ಟೆಯನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. ಬೈಯುತ್ತಾಳೆಂದು ಸೂಜಿ ತಲೆ ತಗ್ಗಿಸಿದಳು.

“ಅಲ್ವೇ, ಮೂರು ವಾರದಿಂದ ಸರಿಯಾಗಿ ಊಟ ಮಾಡ್ತಾ ಇಲ್ಲ ನೀನು. ಯಾರೋ ಹುಡುಗನ್ನ ಹಚ್ಕೊಂಡಿದೀಯ ಅಂತ ನಾನೂ ಮಾವನೂ ಮಾತಾಡ್ಕೊಂಡಿದ್ವಿ. ಹತ್ತಿಗಂಟಾ ನಿನ್ನ ಪ್ರಿಯತಮ?”

ಬಾಗಿಲಲ್ಲಿ ಹತ್ತಿಮಾವ ನಿಂತು ಕೇಳಿಸಿಕೊಂಡಿದ್ದ. ಅವನ ಹಿಂದೆ ಯಜಮಾನ್ತಿಯೂ ಇದ್ದಳು. ಹತ್ತಿಮಾವನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಯಜಮಾನ್ತಿ ಮಾತ್ರ “ಬಾಯಿ ಇರೋದು ಬರೀ ದಾರ ಕಚ್ಚೋಕಲ್ಲ ಕಣೇ,” ಎಂದಳು. ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು.

ಕಂಪನಿಯಿಂದ ಬಂದವಳು ಕುಳ್ಳಗಿನ, ಅವಸರದ ಹೆಂಗಸು. ಕೈಯಲ್ಲಿ ಓರೆಗಣ್ಣಿನ ಚಿಕ್ಕಮ್ಮನಿದ್ದಳು. ಕುರ್ಚಿ ಕೊಟ್ಟರೂ ಕೂರದೆ ಗೊಂಬೆಯನ್ನು ಮೇಜಿನ ಮೇಲಿಟ್ಟಳು.

“ಈ ಕಣ್ಣು ಯಾರು ಮಾಡಿದ್ದು?”

ಕತ್ತರಿಯಕ್ಕನೂ ಸೂಜಿಯೂ ಒಟ್ಟಿಗೇ “ನಾನು” ಎಂದರು.

“ಇಬ್ಬರಾ? ಸರಿ, ಒಳ್ಳೇದೇ ಆಯ್ತು. ಇನ್ನೆರಡು ಸಾವಿರ ಬೇಕು. ಇದೇ ಕಣ್ಣು. ಒಂದು ಎಳೆ ಆಚೀಚೆ ಆಗಬಾರದು.”

ಹೆಂಗಸು ಎಲ್ಲರ ಮುಖ ನೋಡಿದಳು. “ಯಾಕೆ, ಆಗಲ್ವಾ?”

“ಅಂಗಡಿಯಿಂದ ವಾಪಸ್ ತಗೊಂಡ್ರಂತಲ್ಲ…” ಎಂದಳು ಸೂಜಿ. ಹೇಳಿದ ಮೇಲೆ, ಹೇಳಿದ್ದು ತಾನೇ ಎಂದು ಗೊತ್ತಾಗಿ ಅವಳ ಕಿವಿ ಬಿಸಿಯಾಯಿತು.

“ಅದೂ ಗೊತ್ತಾ ನಿಮಗೆ! ಒಂದು ಅಂಗಡಿಯವನು ನಲವತ್ತು ಇಟ್ಕೊಂಡು ತನ್ನ ನೆಂಟರಿಗೇ ಕೊಡ್ತಾ ಇದ್ದ. ಅದನ್ನ ಕಿತ್ಕೊಂಡು ಬೇರೆ ಅಂಗಡಿಗೆ ಕೊಟ್ವಿ. ಅರ್ಧ ಗಂಟೇಲಿ ಖಾಲಿ. ನಿಜ ಹೇಳ್ಬೇಕಂದ್ರೆ ಮೊದಲು ಈ ಕಣ್ಣು ನೋಡಿ ನಮಗೂ ಸಿಟ್ಟೇ ಬಂದಿತ್ತು. ಆದ್ರೆ ಜನ ಬಿಡ್ತಾ ಇಲ್ಲ. ಮಕ್ಕಳಂತೂ ಸುಳ್ಳು ಹೇಳಿ ಹೇಳಿ ಈ ಗೊಂಬೆ ಮುಖ ನೋಡ್ತಾರಂತೆ. ಪೋಸ್ಟರ್‌ನೇ ಬದಲಾಯಿಸ್ತೀವಿ.”

“ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು,” ಎಂದು ಹತ್ತಿಮಾವ ಗೋಡೆಯ ಕಡೆ ತಿರುಗಿ ಮೆಲ್ಲಗೆ ಹೇಳಿದ. ಕತ್ತರಿಯಕ್ಕ ಕನ್ನಡಕದ ಡಬ್ಬಿಯನ್ನು ಚೀಲದ ಪಕ್ಕದಿಂದ ಎತ್ತಿ, ಎಂದಿನ ಜಾಗದಲ್ಲಿಟ್ಟಳು. ಯಜಮಾನ್ತಿ ಕಂಪನಿಯವಳಿಗೆಂದು ತಂದ ಕುರ್ಚಿಯಲ್ಲಿ ತಾನೇ ಕೂತುಬಿಟ್ಟಳು.

“ಹಾಗಾದ್ರೆ ನಿಮ್ಮ ಹಳೇ ಕಾಗದ ಇದೆಯಲ್ಲ, ಅದರಲ್ಲೇ ಮಾಡಿ,” ಎಂದಳು ಹೆಂಗಸು. “ಈ ಗೊಂಬೆ ನಾನು ತಗೊಂಡು ಹೋಗಬೇಕು. ನಮ್ಮ ಹತ್ರ ಉಳಿದಿರೋದು ಇದೊಂದೇ.”

ಎಲ್ಲರೂ ಯಜಮಾನ್ತಿಯನ್ನು ನೋಡಿದರು. ಯಜಮಾನ್ತಿ ಡಬ್ಬವನ್ನು ನೋಡಿದಳು. ಡಬ್ಬ ಮೂರು ದಿನದ ಹಿಂದೆಯೇ ಖಾಲಿಯಾಗಿತ್ತು. ಹೊಸದಾಗಿ ಇಳಿಸಿಕೊಳ್ಳೋಣವೆಂದರೆ ಹಳೆಯದೇನಾಯಿತೆಂದು ಕಂಪನಿಯವಳಿಗೆ ಹೇಳಬೇಕಾಗುತ್ತಿತ್ತು.

“ಕಾಗದ ಬೇಡ,” ಎಂದಳು ಸೂಜಿ.

ಅವಳು ಮೇಜಿನ ಬಳಿ ಹೋಗಿ ಹೊಲಿಯದ ಮುಖದ ಬಟ್ಟೆಯೊಂದನ್ನು ಹರಡಿದಳು. ಆ ಕಣ್ಣು ಎಲ್ಲಿತ್ತೆಂದು ಆರುನೂರು ಸಲ ಹೊಲಿದ ಅವಳಿಗೆ ಗೊತ್ತಿತ್ತು. ಎರಡನೆಯ ದಿನದಿಂದ ಪ್ರತಿ ಸಲವೂ ತಪ್ಪೆಂದು ತಿಳಿದೇ ಹೊಲಿದಿದ್ದರಿಂದ ಅದು ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಕತ್ತರಿಯಕ್ಕ ತನ್ನ ಸೀಮೆಸುಣ್ಣದ ತುಂಡನ್ನು ಅವಳ ಕಡೆ ಸರಿಸಿದಳು. ಇಷ್ಟು ವರ್ಷದಲ್ಲಿ ಆ ತುಂಡನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

“ಗುರುತು ಹಾಕಿದವರದೇ ಹೊಣೆ. ನೆನಪಿದೆ ತಾನೆ?” ಎಂದಳು.

“ಇದೆ ಅಕ್ಕ.”

ಸೂಜಿ ಎಡಗಣ್ಣಿಗೆ ಒಂದು ಚುಕ್ಕಿ ಇಟ್ಟಳು. ಬಲಗಣ್ಣಿಗೆ ಅರ್ಧ ಬೆರಳು ಕೆಳಗೆ ಇನ್ನೊಂದು. ಕಂಪನಿಯವಳು ತಂದ ಗೊಂಬೆಯನ್ನು ಪಕ್ಕಕ್ಕಿಟ್ಟು ಕತ್ತರಿಯಕ್ಕ ಪಟ್ಟಿ ಹಿಡಿದು ಅಳೆದಳು. ಎರಡು ಸಲ ಅಳೆದಳು. ಆಮೇಲೆ ಪಟ್ಟಿಯನ್ನು ಸುತ್ತಿಟ್ಟು, “ಮಾವ, ಹತ್ತಿ ಬಿಡಿಸೋಕೆ ಶುರು ಮಾಡಿ,” ಎಂದಳು.

ಟೀ ಹೊತ್ತಿಗೆ ಸೂಜಿ ಮೆಟ್ಟಿಲ ಮೇಲೆ ಕೂತು ಫೋನು ತೆರೆದಳು. ಜಗಳ ಇನ್ನೂ ನಡೆದಿತ್ತು. ಇಬ್ಬರು ಮಕ್ಕಳ ತಾಯಿ ‘ಮಗಳ ಹುಟ್ಟುಹಬ್ಬ ಮುಂದಿನ ತಿಂಗಳು, ಇನ್ನು ಆಸೆ ಬಿಟ್ಟೆ’ ಎಂದು ಬರೆದಿದ್ದಳು. ಮೀಸೆರಾಯ ‘ತಾತನ್ನೇ ಕೊಡಿಸಿ’ ಎಂದಿದ್ದ.

ಸೂಜಿ ಟೀ ಲೋಟವನ್ನು ಪಕ್ಕಕ್ಕಿಟ್ಟಳು. ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಅವಳು ಬರೆದಳು. ‘ಆಸೆ ಬಿಡಬೇಡಿ. ಚಿಕ್ಕಮ್ಮ ಬರ್ತಾಳೆ. ಅದೇ ಕಣ್ಣು.’

ಉತ್ತರಗಳು ಒಂದರ ಮೇಲೊಂದು ಬಿದ್ದವು. ‘ನೀವ್ಯಾರು?’ ‘ಯಾವ ಅಂಗಡಿ?’ ‘ನಿಮಗೆ ಹೇಗೆ ಗೊತ್ತು? ಸುಳ್ಳು ಹೇಳಿದ್ರೆ ಚಿಕ್ಕಮ್ಮ ನೋಡ್ತಾಳೆ ಅಷ್ಟೆ.’

ಸೂಜಿ ಒಬ್ಬಳೇ ಜೋರಾಗಿ ನಕ್ಕಳು. ಒಳಗಿನಿಂದ ಹತ್ತಿಮಾವ “ಯಾರಪ್ಪಾ ಅದು ನಗ್ತಾ ಇರೋದು?” ಎಂದು ಕೂಗಿದ. ಅವಳು ಲೋಟ ತೊಳೆದಿಟ್ಟು, ಸೀಮೆಸುಣ್ಣ ಎತ್ತಿಕೊಳ್ಳಲು ಒಳಗೆ ಹೋದಳು.