ಮರಳಿನ ಮಗು

"ಇನ್ನೂ ಸ್ವಲ್ಪ ಜೋರಾಗಿ ಹೊಡಿ," ಎಂದು ಟೀಚರ್ ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಅಂಗೈ ಗೊಂಬೆಯ ಬೆನ್ನಿಗೆ ಬಿದ್ದು, ಹೊಲಿಗೆ ಬಿಟ್ಟುಕೊಂಡು, ಮರಳು ಸುರ್ರನೆ ನೆಲಕ್ಕೆ ಸುರಿಯತೊಡಗಿತು. ಕೋಣೆಯಲ್ಲಿದ್ದ ಮಕ್ಕಳೆಲ್ಲ ಹೋ ಎಂದು ನಕ್ಕರು. ಹುಡುಗಿ ನಗಲಿಲ್ಲ. ತಲೆ ಕೆಳಗಾಗಿ ಮುಂಗೈ ಮೇಲೆ ಮಲಗಿಸಿಕೊಂಡಿದ್ದ ಗೊಂಬೆಯನ್ನು ಹಾಗೇ ಹಿಡಿದುಕೊಂಡು, ಲೆಕ್ಕ ತಪ್ಪಬಾರದೆಂಬಂತೆ ಉಳಿದ ಎರಡು ಏಟನ್ನೂ ಹಾಕಿದಳು. ಆಮೇಲೆ ಕಾಲ ಬಳಿಯ ಮರಳಿನ ಗುಡ್ಡೆ ನೋಡಿ ಮುಖ ಸಣ್ಣದು ಮಾಡಿಕೊಂಡಳು.

ಅದು ಅಗ್ನಿಶಾಮಕ ಠಾಣೆಯ ಮಹಡಿಯ ಮೇಲಿನ ಕೋಣೆ. ಕೆಳಗೆ ಕೆಂಪು ಗಾಡಿ, ಒದ್ದೆ ಪೈಪುಗಳ ರಬ್ಬರ್ ವಾಸನೆ. ಮೇಲೆ ಶನಿವಾರ ಬೆಳಿಗ್ಗೆ ಈ ತರಗತಿ. ಹನ್ನೆರಡು ಹದಿಮೂರರ ಮಕ್ಕಳು ಬರುತ್ತಿದ್ದರು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವವರು, ಪಕ್ಕದ ಮನೆಯ ಕೂಸನ್ನು ಸಂಜೆ ಹೊತ್ತು ಆಡಿಸಿ ಕೈಖರ್ಚಿಗೆ ಮಾಡಿಕೊಳ್ಳುವವರು. ಬಿಸಿ ಚಹಾದ ಲೋಟ ಎಲ್ಲಿಡಬೇಕು, ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಯಾಕೆ ಹೆದರಬೇಕು, ಮಗುವನ್ನು ಅಂಗಾತವೇ ಯಾಕೆ ಮಲಗಿಸಬೇಕು, ಗಂಟಲಿಗೆ ಏನಾದರೂ ಸಿಕ್ಕಿಕೊಂಡ ಮಗುವಿನ ಬೆನ್ನಿಗೆ ಹೊಡೆಯುವುದು ಹೇಗೆ, ಫೋನಿನಲ್ಲಿ ಗಾಬರಿಯಾಗದೆ ಮನೆಯ ವಿಳಾಸ ಹೇಳುವುದು ಹೇಗೆ, ಇದೇ ಅಲ್ಲಿಯ ಪಾಠ. ಸುಟ್ಟಗಾಯದ ಪಾಠ ಮಾತ್ರ ಠಾಣೆಯ ಬೊಕ್ಕತಲೆ ಫೈರ್‌ಮನ್‌ನದು. ತನ್ನ ಕೂದಲೆಲ್ಲ ಬೆಂಕಿಯಲ್ಲಿ ಹೋಯಿತು ಎಂದು ಅವನು ಪ್ರತಿಸಲ ಬಿಡುವ ಬುರುಡೆಯನ್ನು ಮಕ್ಕಳು ನಂಬಿದಂತೆ ನಟಿಸುತ್ತಿದ್ದರು.

ಟೀಚರ್ ಎಂದು ಎಲ್ಲರೂ ಕರೆದರೂ ಆಕೆಯ ಕಸುಬು ಹೊಲಿಗೆ. ಆಸ್ಪತ್ರೆಯವರು ನಡೆಸುವ ತರಬೇತಿಗೆ ಹೋಗಿ ಕಲಿತು ಬಂದು ಈ ತರಗತಿ ಶುರು ಮಾಡಿದ್ದಳು. ಅಂಗಡಿಯ ಪ್ಲಾಸ್ಟಿಕ್ ಗೊಂಬೆಯಲ್ಲಿ ಕಲಿತವರಿಗೆ ನಿಜವಾದ ಮಗು ಕೈಗೆ ಬಂದಾಗ ಕೈ ಸೋಲುತ್ತದೆ ಎಂದು ದಪ್ಪ ಬಟ್ಟೆಯಲ್ಲಿ ತಾನೇ ಗೊಂಬೆ ಹೊಲಿದು, ಜರಡಿ ಹಿಡಿದ ಮರಳು ತುಂಬಿದ್ದಳು. ಗೊಂಬೆಯ ಅಂಗಿಗೆ ಗುಂಡಿಗಳಿರಲಿಲ್ಲ, ಕಟ್ಟುವ ಲಾಡಿಗಳಿದ್ದವು. ಮಕ್ಕಳ ಬಟ್ಟೆಗೆ ಗುಂಡಿ ಹಾಕಿಸಬೇಕೆಂದು ಯಾರಾದರೂ ಬಂದರೆ ಆಕೆ ಬೇರೆ ಟೈಲರ್ ಹತ್ತಿರ ಕಳಿಸಿಬಿಡುತ್ತಾಳೆ ಎಂಬುದು ಪೇಟೆಯಲ್ಲೆಲ್ಲ ಗೊತ್ತಿದ್ದ ವಿಷಯ. ಬಂದ ಗಿರಾಕಿಯನ್ನು ಓಡಿಸುವ ಇಂಥ ಟೈಲರನ್ನು ತಾನು ನೋಡಿಲ್ಲ ಎಂದು ಫೈರ್‌ಮನ್ ಛೇಡಿಸುತ್ತಿದ್ದ. ಯಾಕೆಂದು ಅವನೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ಹುಡುಗಿ ಹಿಂದುಳಿದಳು. ಪೊರಕೆ ಹುಡುಕಿ ತಂದು ಮರಳನ್ನು ಒಂದು ಕಾಳೂ ಬಿಡದಂತೆ ಮೊರಕ್ಕೆ ಗುಡಿಸಿದಳು. ಟೀಚರ್ ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸಿದಳು. ಇಷ್ಟು ವರ್ಷದಲ್ಲಿ ಗೊಂಬೆಯ ಹೊಲಿಗೆ ಬಿಡುವಷ್ಟು ಜೋರಾಗಿ ಹೊಡೆದವರು ಯಾರೂ ಇರಲಿಲ್ಲ. ಮಕ್ಕಳು ಮುದ್ದು ಮಾಡಿದ ಹಾಗೆ ತಟ್ಟುವುದೇ ಹೆಚ್ಚು. ಅವರ ಕೈಯಲ್ಲಿ ಜೋರಾಗಿ ಹೊಡೆಸುವುದರಲ್ಲಿ ಆಕೆಗೆ ಸಾಕುಬೇಕಾಗುತ್ತಿತ್ತು. ಮನೆಯಲ್ಲಿ ಯಾರ ಮಗುವನ್ನು ನೋಡಿಕೊಳ್ಳುತ್ತೀ ಎಂದು ಕೇಳಿದಳು.

ಅಕ್ಕನ ಪಾಪುವನ್ನು ಎಂದಳು ಹುಡುಗಿ. ಅಕ್ಕ ಹೆತ್ತು ಐದು ತಿಂಗಳಾಗಿದೆ. ಹಾಲು ಕುಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಆದರೆ ಮಗುವಿನ ಜೊತೆ ಒಬ್ಬಳೇ ಒಂದು ಕೋಣೆಯಲ್ಲಿ ಇರುವುದಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದರೆ ಅವಳೂ ಎದ್ದು ಹಿಂದೆಯೇ ಬರುತ್ತಾಳೆ. ಭಾವನಿಗೆ ಲಾರಿ ಮೇಲೆ ಕೆಲಸ, ವಾರಕ್ಕೊಮ್ಮೆ ಮನೆ. ಇಷ್ಟು ದಿನ ಅಮ್ಮ ರಜೆ ಹಾಕಿದ್ದಳು, ಸೋಮವಾರದಿಂದ ಅದೂ ಇಲ್ಲ. ತಾನು ಸ್ಕೂಲ್ ಬಿಡುತ್ತೇನೆ ಎಂದಿದ್ದಕ್ಕೆ ಅಮ್ಮ ಬೈದಳು. ಈಗ ಅಕ್ಕನ ಅತ್ತೆ ಸೋಮವಾರ ಬಂದು ಪಾಪುವನ್ನು ತಮ್ಮೂರಿಗೆ ಕರೆದುಕೊಂಡು ಹೋಗಿ ಸಾಕುವುದೆಂದು ತೀರ್ಮಾನವಾಗಿದೆ. ಅಕ್ಕ ಆಗಲಿ ಎಂದುಬಿಟ್ಟಿದ್ದಾಳೆ. ಆಗಲಿ ಎಂದವಳು ಅವತ್ತಿನಿಂದ ಊಟ ಬಿಟ್ಟಿದ್ದಾಳೆ.

"ನಿಮ್ಗೆ ನಮ್ಮಕ್ಕ ಗೊತ್ತು ಟೀಚರ್," ಎಂದಳು ಹುಡುಗಿ, ಮೊರದ ಮರಳು ನೋಡುತ್ತ. "ನಾವು ಮೊದ್ಲು ನಿಮ್ಮ ಮೇಲಿನ ಮನೇಲಿದ್ವಂತೆ. ನಂಗೆ ನೆನಪಿಲ್ಲ. ನಾನಾಗ ಚಿಕ್ಕೋಳು."

ಸೂಜಿ ಟೀಚರ್ ಬೆರಳಿಗೆ ಚುಚ್ಚಿತು. ಆಕೆ ಬೆರಳನ್ನು ಬಾಯಿಗಿಟ್ಟುಕೊಂಡು ಹುಡುಗಿಯ ಮುಖ ನೋಡಿದಳು. ಅದೇ ಅಗಲವಾದ ಹಣೆ. ಇಷ್ಟು ವಾರ ಎದುರಿಗೇ ಕೂತಿದ್ದರೂ ಗೊತ್ತಾಗಿರಲಿಲ್ಲ.

ಮೇಲಿನ ಮನೆಯ ಹುಡುಗಿಗೆ, ಇವಳ ಅಕ್ಕನಿಗೆ, ಆಗ ಹದಿಮೂರು. ಸ್ಕೂಲಿನಿಂದ ಬಂದವಳು ಚೀಲವನ್ನೂ ಇಳಿಸದೆ ಕೆಳಗೆ ಬಂದು ಟೀಚರ್ ಅವರ ಹತ್ತು ತಿಂಗಳ ಮಗನನ್ನು ಸೊಂಟಕ್ಕೇರಿಸಿಕೊಂಡರೆ ರಾತ್ರಿ ಊಟದವರೆಗೆ ಇಳಿಸುತ್ತಿರಲಿಲ್ಲ. ಅವತ್ತು ಹೊಲಿದ ಬಟ್ಟೆಗಳನ್ನು ಕೊಟ್ಟು ಬರಲು ಟೀಚರ್ ಹೊರಗೆ ಹೋಗಿದ್ದಳು. ಹೊಲಿಗೆ ಮಿಷಿನ್ ಕೆಳಗೆ ಬಿದ್ದಿದ್ದ ಒಂದು ಗುಂಡಿ ಮಗುವಿನ ಕೈಗೆ ಸಿಕ್ಕಿತು. ಅಷ್ಟೇ. ಆಕೆ ಮರಳಿ ಬಂದಾಗ ಬೀದಿಯ ಜನವೆಲ್ಲ ಬಾಗಿಲಲ್ಲಿತ್ತು. ಮೇಲಿನ ಮನೆಯವರು ತಿಂಗಳೊಳಗೆ ಮನೆ ಖಾಲಿ ಮಾಡಿದರು. ಆಕೆ ಅವರನ್ನು ತಡೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲವೆಂದರೆ ಸುಳ್ಳು. ಬಹಳ ಸಿಟ್ಟಿತ್ತು. ಗುಂಡಿ ತನ್ನದೇ ಮನೆಯದೆಂದು ನೆನಪಾದಾಗಲೆಲ್ಲ ಆ ಸಿಟ್ಟು ಕಡಿಮೆಯಾಗದೆ ಇಮ್ಮಡಿಯಾಗುತ್ತಿತ್ತು. ತರಗತಿ ಶುರು ಮಾಡಿದ ಮೇಲೆ ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟಳು, ಆ ಒಬ್ಬಳನ್ನು ಹುಡುಕಿಕೊಂಡು ಹೋಗಲಿಲ್ಲ.

ಕಲಿತದ್ದನ್ನು ನೀನೇ ಅಕ್ಕನಿಗೆ ಹೇಳಿಕೊಡು ಎಂದಳು ಟೀಚರ್. ಹೇಳಲು ಹೋದೆ, ಕಿವಿ ಮುಚ್ಚಿಕೊಂಡಳು ಎಂದಳು ಹುಡುಗಿ. ನಿಮ್ಮ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಆದರೆ ನೀವೇ ಎದುರಿಗೆ ಬಂದರೆ ಎಲ್ಲಿಗೆ ಹೋಗುತ್ತಾಳೆ, ಇರುವುದೇ ಒಂದೂವರೆ ಕೋಣೆ.

ಟೀಚರ್ ಮೊರವನ್ನು ಹತ್ತಿರ ಎಳೆದುಕೊಂಡಳು. ಗೊಂಬೆಗೆ ಮರಳು ತುಂಬಿ, ಬೆನ್ನಿನ ಹೊಲಿಗೆಯನ್ನು ಎರಡು ಸಾಲು ಹಾಕಿ ಗಟ್ಟಿ ಮಾಡಿದಳು. ಮನೆಗೆ ಹೋದ ಮೇಲೂ ಚೀಲದಿಂದ ಹೊರಗೆ ತೆಗೆಯಲಿಲ್ಲ.

ಭಾನುವಾರ ಮಧ್ಯಾಹ್ನ ಆಕೆ ಆ ಮನೆಯ ಮೆಟ್ಟಿಲು ಹತ್ತಿದಳು. ಚೀಲದ ಭಾರಕ್ಕೆ ಭುಜ ಸೇದುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲವೆಂದು ಡಾಕ್ಟರೇ ಹೇಳಿದ್ದರು ಎಂದುಬಿಡಬೇಕು. ಡಾಕ್ಟರು ಹಾಗೆ ಹೇಳಿರಲಿಲ್ಲ. ಸುಳ್ಳಾದರೂ ಒಂದು ಜೀವ ಹಗುರಾಗುತ್ತದೆ ಎಂದುಕೊಂಡಿದ್ದಳು.

ಬಾಗಿಲು ತೆರೆದ ತಾಯಿ ಒಂದು ಕ್ಷಣ ಬಾಗಿಲ ಪಟ್ಟಿಯನ್ನೇ ಹಿಡಿದು ನಿಂತಳು. ವರ್ಷಗಟ್ಟಲೆ ಲಾಂಡ್ರಿ ಕೆಲಸ ಮಾಡಿದ ಅವಳ ಬೆರಳುಗಳು ರಜೆಯಲ್ಲೂ ಸೋಪಿಗೆ ಬೆಂದಂತೆ ಬಿಳಿಚಿಕೊಂಡೇ ಇದ್ದವು. ಬನ್ನಿ ಎಂದು ಬಾಯಿಂದ ಹೊರಟಿತೋ ಇಲ್ಲವೋ, ಪಕ್ಕಕ್ಕೆ ಸರಿದಳು. ಒಳಗೆ ಚಾಪೆಯ ಮೇಲೆ ತಂಗಿ ಪಾಪುವನ್ನು ಆಡಿಸುತ್ತಿದ್ದಳು. ಗೋಡೆ ಬದಿಗೆ ಮಡಿಸಿಟ್ಟ ಪುಟ್ಟ ಬಟ್ಟೆಗಳ ಗಂಟು, ಊರಿಗೆ ಕಳಿಸಲು ಸಿದ್ಧವಾಗಿತ್ತು. ಆ ಗಂಟಿನ ಪಕ್ಕ ಅಕ್ಕ ಕೂತಿದ್ದಳು. ಟೀಚರನ್ನು ಕಂಡು ಎದ್ದು ನಿಂತಳು, ಬೆನ್ನು ಗೋಡೆಗೆ ಹತ್ತಿತು. ಹೋಗಲು ಜಾಗವಿರಲಿಲ್ಲ.

ಜೋಡಿಸಿಕೊಂಡು ಬಂದ ಮಾತನ್ನು ಬಿಟ್ಟು ಟೀಚರ್ ಕೈಗೆ ಅಭ್ಯಾಸವಾದ ಕೆಲಸವನ್ನೇ ಮಾಡಿದಳು. ಚೀಲದಿಂದ ಗೊಂಬೆ ತೆಗೆದು, ಕೇಳದೆ, ಅಕ್ಕನ ತೋಳಿಗೆ ಇಟ್ಟುಬಿಟ್ಟಳು. ತೋಳು ಕೊಡದಿದ್ದರೆ ಬೀಳುತ್ತಿತ್ತು, ಅಕ್ಕ ಹಿಡಿಯಲೇಬೇಕಾಯಿತು.

ಹಿಡಿದವಳು ಗೊಂಬೆಯನ್ನು ನಿಧಾನಕ್ಕೆ ಎಡಗಡೆಯ ಸೊಂಟಕ್ಕೆ ಸರಿಸಿಕೊಂಡಳು. ಇನ್ನೊಮ್ಮೆ ಸರಿಸಿ, ಕೈ ಬದಲಿಸಿ, ತೂಗಿ ನೋಡಿದಳು.

"ಅವನಷ್ಟೇ ಭಾರ ಇದೆ ಆಂಟಿ," ಎಂದಳು.

ಕೊನೆಯ ಸಲ ಮಗನನ್ನು ತೂಗಿಸಿದಾಗ ಎಷ್ಟಿದ್ದನೋ ಅಷ್ಟೇ ಮರಳನ್ನು ಟೀಚರ್ ಗೊಂಬೆಗೆ ಹಾಕಿದ್ದಳು, ಒಂದು ಹಿಡಿ ಹೆಚ್ಚಿಲ್ಲ ಕಡಿಮೆಯಿಲ್ಲ. ಗಂಡನಿಗೂ ಹೇಳಿರಲಿಲ್ಲ. ಗಂಡ ಎಷ್ಟೋ ಸಲ ಆ ಚೀಲವನ್ನು ಠಾಣೆಯವರೆಗೆ ಹೊತ್ತು ತಂದುಕೊಟ್ಟಿದ್ದ, ಅವನಿಗೂ ತಿಳಿದಿರಲಿಲ್ಲ. ಈ ಲೋಕದಲ್ಲಿ ತನ್ನ ಮಗನ ಭಾರ ಇನ್ನೊಬ್ಬಳ ಸೊಂಟಕ್ಕೂ ನೆನಪಿದೆ ಎಂಬುದು ಆಕೆಗೆ ಹೊಳೆದೇ ಇರಲಿಲ್ಲ.

"ನಾನು ಬೆರಳು ಹಾಕ್ದೆ ಆಂಟಿ," ಎಂದಳು ಅಕ್ಕ. ಗೊಂಬೆಯ ತಲೆಯನ್ನು ನೋಡುತ್ತ, ಅದಕ್ಕೇ ಹೇಳುವವಳಂತೆ ಹೇಳಿದಳು. "ಹೋಮ್‌ವರ್ಕ್ ಬರೀತಿದ್ದೆ. ಸದ್ದೇ ಇರ್ಲಿಲ್ಲ, ಆಡ್ತಿದಾನೆ ಅಂದ್ಕೊಂಡೆ. ನೋಡಿದ್ರೆ ಮುಖ ನೀಲಿ. ಬಾಯೊಳಗೆ ಬೆರಳು ಹಾಕ್ದೆ. ಗುಂಡಿ ಬೆರಳಿಗೆ ಸಿಕ್ತು. ಹಿಡಿಯೋಕೆ ಹೋದೆ, ಇನ್ನೂ ಒಳಗೆ ಹೋಯ್ತು. ಇದನ್ನ ಯಾರಿಗೂ ಹೇಳಿಲ್ಲ. ಅಮ್ಮಂಗೂ ಹೇಳಿಲ್ಲ." ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬೆರಳು ಹಾಕ್ದೇ ಇದ್ದಿದ್ರೆ ಉಳೀತಿದ್ನಾ?"

ಡಾಕ್ಟರ ಹೆಸರಿನ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ ಎಂದು ಆಕೆ ಪ್ರತಿ ಶನಿವಾರ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಈಗ ಉಳಿಯುತ್ತಿರಲಿಲ್ಲ ಎಂದರೆ, ಮುಂದೆ ಇವಳಿಗೆ ಹೇಳಿಕೊಡುವ ಯಾವುದನ್ನು ಇವಳು ನಂಬಬೇಕು?

"ಉಳೀತಿದ್ನೋ ಏನೋ," ಎಂದಳು ಟೀಚರ್. "ಗೊತ್ತಿಲ್ಲ ಕಣೇ. ಆದ್ರೆ ಅವತ್ತು ಮನೇಲಿ ನಾನೇ ಇದ್ದಿದ್ರೂ ಬೆರಳೇ ಹಾಕ್ತಿದ್ದೆ. ನಂಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಅಕ್ಕ ಗೊಂಬೆಯನ್ನು ಅವುಚಿಕೊಂಡು ಕುಸಿದು ಕೂತಳು. ಅವಳು ಅತ್ತಳು, ಟೀಚರೂ ಅತ್ತಳು. ಇಬ್ಬರೂ ಇಷ್ಟು ವರ್ಷ ಬೇರೆ ಬೇರೆ ಮನೆಗಳಲ್ಲಿ ಅತ್ತಿದ್ದು ಒಬ್ಬನಿಗಾಗಿಯೇ. ಪಾಪು ಕೈಕಾಲು ಬಡಿಯುವುದನ್ನು ನಿಲ್ಲಿಸಿ ದೊಡ್ಡವರನ್ನು ಪಿಳಿಪಿಳಿ ನೋಡಿತು.

ಆಮೇಲೆ ಪಾಠ ನಡೆಯಿತು. ತೊಡೆಗೆ ಮುಂಗೈ ಊರಿ, ಗೊಂಬೆಯನ್ನು ಬೋರಲಾಗಿ ಅದರ ಮೇಲೆ ಹಾಕಿ, ದವಡೆ ಹಿಡಿದು, ತಲೆ ಎದೆಗಿಂತ ಕೆಳಗಿರಬೇಕು. ಅಂಗೈ ಬುಡದಿಂದ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಐದು ಏಟು. ಆಗಲಿಲ್ಲವೆಂದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳೂರಿ ಐದು ಸಲ ಒತ್ತುವುದು. ಬಾಯಲ್ಲಿ ಕಂಡರೆ ಮಾತ್ರ ತೆಗೆಯುವುದು, ಇಲ್ಲವಾದರೆ ಮತ್ತೆ ಬೆನ್ನಿಗೆ. ಅಷ್ಟರಲ್ಲಿ ಆಂಬುಲೆನ್ಸಿಗೆ ಯಾರಾದರೂ ಫೋನ್ ಮಾಡಿರಬೇಕು. ಅಕ್ಕನ ಮೊದಲ ಏಟುಗಳು ಧೂಳು ಕೊಡವಿದ ಹಾಗಿದ್ದವು. ತಂಗಿ ಪಕ್ಕದಲ್ಲಿ ಕೂತು, ನನ್ನ ಏಟಿಗೆ ಹೊಲಿಗೆಯೇ ಬಿಟ್ಟಿತ್ತು ಗೊತ್ತಾ ಎಂದು ಜಂಬ ಕೊಚ್ಚಿದಳು. ಅಕ್ಕನ ಮುಖದಲ್ಲಿ ನಗೆಯಂಥದೇನೋ ಬಂದು ಹೋಯಿತು. ಮುಂದಿನ ಏಟು ಸರಿಯಾಗಿ ಬಿತ್ತು.

"ಕೆಮ್ಮೋ ಮಗು, ಅಳೋ ಮಗು ಉಸಿರಾಡ್ತಿರುತ್ತೆ," ಎಂದಳು ಟೀಚರ್. "ಅಳು ಕೇಳಿ ಹೆದರ್ಕೋಬೇಡ. ಸದ್ದಿಲ್ಲ ಅಂದ್ರೆ ಎದ್ದು ನೋಡು. ಅಷ್ಟೇ ವಿದ್ಯೆ."

ಬೆವರಿದ ಮುಖ ಒರೆಸಿಕೊಂಡು ಅಕ್ಕ ಕೂತಿದ್ದಾಗ, ಟೀಚರ್ ಗೊಂಬೆಯನ್ನು ಎತ್ತಿಕೊಂಡು ಎದ್ದಳು. ತಾಯಿಗೂ ತಂಗಿಗೂ ಹೊರಗೆ ಬರುವಂತೆ ಕಣ್ಸನ್ನೆ ಮಾಡಿದಳು. ಅಕ್ಕನಿಗೆ ಅರ್ಥವಾಯಿತು. ಬೇಡ ಆಂಟಿ ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಇರುತ್ತೇವೆ, ಕರೆದರೆ ಬರುತ್ತೇವೆ ಎಂದು ಟೀಚರ್ ಬಾಗಿಲು ಎಳೆದುಕೊಂಡಳು.

ಮೂವರೂ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಒಳಗೆ ಪಾಪು ಅಳತೊಡಗಿತು. ಮೊದಲು ಕುಂಯ್ ಎಂದು, ಆಮೇಲೆ ಮನೆ ಹಾರಿಹೋಗುವ ಹಾಗೆ. ತಂಗಿ ತಟ್ಟನೆ ಎದ್ದಳು. ಟೀಚರ್ ಅವಳ ಮಣಿಕಟ್ಟು ಹಿಡಿದಳು.

"ಅಳ್ಲಿ," ಎಂದಳು.

ಅಳು ಏರಿತು, ಇಳಿಯಿತು, ಒಮ್ಮೆ ಪೂರ್ತಿ ನಿಂತೇಹೋಯಿತು. ತಾಯಿ ಗೋಡೆಗೆ ಕೈ ಊರಿದಳು. ತಂಗಿಯ ಮಣಿಕಟ್ಟು ಹಿಡಿದಿದ್ದ ಟೀಚರ್ ಕೈ ಬಿಗಿಯಾಯಿತು. ಒಳಗಿನಿಂದ ಚಾಪೆ ಸರಿದ ಸದ್ದು, ಬರಿಗಾಲಿನ ನಾಲ್ಕು ಹೆಜ್ಜೆ, ಪಾಪುವಿನ ಒಂದು ಬಿಕ್ಕು. ಆಮೇಲೆ ಅಕ್ಕನ ದನಿ. ಏನು ಹೇಳುತ್ತಿದ್ದಳೋ ಕೇಳಿಸಲಿಲ್ಲ, ಆದರೆ ಮಗುವಿನ ಜೊತೆ ಮಾತಾಡುವ ದನಿ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಪಾಪು ಮತ್ತೆ ರಾಗ ತೆಗೆಯಿತು, ಈ ಸಲ ಸಣ್ಣಗೆ, ಹೆಗಲ ಮೇಲಿನಿಂದ ಬಂದಂತೆ.

ನಾಳೆ ಬರುವುದು ಬೇಡ ಎಂದು ಬೀಗಿತ್ತಿಗೆ ಹೇಳಿಬಿಡಲೇ ಎಂದು ತಾಯಿ ಪಿಸುಗುಟ್ಟಿದಳು. ಟೀಚರ್ ತಲೆಯಾಡಿಸಿದಳು. ತಾಯಿ ಫೋನ್ ಹಿಡಿದು, ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದು ಹೋದಳು. ತಂಗಿ ಬಾಗಿಲಿಗೆ ಕಿವಿಗೊಟ್ಟು ಕೂತಳು.

ಒಳಗಿನ ಅಳು ಇನ್ನೂ ನಿಂತಿರಲಿಲ್ಲ. ಟೀಚರ್ ಅದನ್ನೇ ಕೇಳುತ್ತಿದ್ದಳು. ಮಡಿಲಲ್ಲಿದ್ದ ಗೊಂಬೆಯನ್ನು ಯಾವಾಗ ಹೆಗಲಿಗೆ ಹಾಕಿಕೊಂಡಳೋ ಆಕೆಗೇ ತಿಳಿಯಲಿಲ್ಲ. ಅದರ ಬೆನ್ನನ್ನು ಮೆಲ್ಲಗೆ, ಹೊಸ ಹೊಲಿಗೆಗೆ ಏನೂ ಆಗದಷ್ಟು ಮೆಲ್ಲಗೆ, ತಟ್ಟುತ್ತ ಕೂತಳು.